ಒಂದೊಂದು ವಿನ್ಯಾಸಕ್ಕೆ ಒಂದೊಂದು ನಾಣ್ಯ: ಅಮೆರಿಕದ ಹಳೆಯ ನಾಣ್ಯಗಳ ಬಗ್ಗೆ ನಿಮ್ಮ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ ‘ಟೈಪ್ ಸೆಟ್’ ಬಗ್ಗೆ ನಾಲ್ಕು ಸಾಲು ಬರೆದಿದ್ದಕ್ಕೆ ಇಷ್ಟೊಂದು ಪತ್ರ ಬಂದಿವೆ, ಖುಷಿಯಾಯಿತು. ಅದನ್ನು ಓದದವರಿಗೆ ಒಂದು ಮಾತು. ಒಂದೇ ನಾಣ್ಯದ ಎಲ್ಲ ಇಸವಿ, ಎಲ್ಲ ಟಂಕಸಾಲೆಗಳದ್ದನ್ನು ಹುಡುಕಿ ಜೋಡಿಸುವುದು ಒಂದು ಬಗೆಯ ಸಂಗ್ರಹ. ಪ್ರತಿ ವಿನ್ಯಾಸಕ್ಕೆ ಒಂದೇ ಒಂದು ನಾಣ್ಯ ಇಟ್ಟುಕೊಂಡು ಮುಂದಿನದಕ್ಕೆ ಹೋಗುವುದು ಇನ್ನೊಂದು ಬಗೆ. ಈ ಎರಡನೆಯದೇ ಟೈಪ್ ಸೆಟ್. ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಅಮೆರಿಕದ ನಾಣ್ಯಗಳ ಬಗ್ಗೆಯೇ ಇವೆ. ಹಾಗಾಗಿ ಈ ಸಲ ಅದೊಂದೇ ವಿಷಯ.

ಪ್ರಶ್ನೆ (ಎಡಿಸನ್, ನ್ಯೂ ಜೆರ್ಸಿ): ನಮಸ್ಕಾರ ಸರ್. ನಾವು ಹಾಸನದ ಕಡೆಯವರು, ಇಲ್ಲಿ ನೆಲೆಸಿ ತುಂಬಾ ವರ್ಷ ಆಯಿತು. ಹುಟ್ಟುಹಬ್ಬಕ್ಕೆ ಮನೆಯವರು ಅಮೆರಿಕದ ಟೈಪ್ ಸೆಟ್‌ಗೆ ಅಂತಲೇ ಮಾಡಿದ ಡ್ಯಾನ್ಸ್ಕೋ ಕಂಪನಿಯ 7070 ಆಲ್ಬಂ ಕೊಡಿಸಿದ್ದಾರೆ. ತೆರೆದರೆ ಪುಟದ ತುಂಬಾ ಬರೀ ಖಾಲಿ ತೂತುಗಳು. ಮೊದಲ ಪುಟದ ಹಾಫ್ ಸೆಂಟ್‌ನಿಂದ ಸಾಲಾಗಿ ತುಂಬಬೇಕಾ? ಯಾವ ಗ್ರೇಡ್ ಕೊಳ್ಳಬೇಕು? ಎಲ್ಲಿಂದ ಶುರು ಮಾಡಲಿ ಅಂತಲೇ ತಿಳಿಯುತ್ತಿಲ್ಲ.

ಉತ್ತರ: ಸಾಲಾಗಿ ಬೇಡ. 20ನೇ ಶತಮಾನದಿಂದ ಶುರು ಮಾಡಿ ಹಿಂದಕ್ಕೆ ಹೋಗಿ. ಲಿಂಕನ್ ಸೆಂಟ್, ಬಫಲೋ ನಿಕ್ಕಲ್, ಮರ್ಕ್ಯುರಿ ಡೈಮ್, ಸ್ಟ್ಯಾಂಡಿಂಗ್ ಲಿಬರ್ಟಿ ಕ್ವಾರ್ಟರ್, ವಾಕಿಂಗ್ ಲಿಬರ್ಟಿ ಹಾಫ್, ಮಾರ್ಗನ್ ಮತ್ತು ಪೀಸ್ ಡಾಲರ್. (ನಿಕ್ಕಲ್ ಅಂದರೆ ಐದು ಸೆಂಟ್, ಡೈಮ್ ಹತ್ತು, ಕ್ವಾರ್ಟರ್ ಇಪ್ಪತ್ತೈದು, ಹಾಫ್ ಅಂದರೆ ಅರ್ಧ ಡಾಲರ್; ನೂರು ಸೆಂಟ್‌ಗೆ ಒಂದು ಡಾಲರ್.) ಇವನ್ನು ಕೈಯಲ್ಲಿ ಹಿಡಿದು ನೋಡುತ್ತಾ ನೋಡುತ್ತಾ ಕಣ್ಣು ಪಳಗುತ್ತದೆ. ಯಾವುದು ಸವೆದದ್ದು, ಯಾವುದು ಉಜ್ಜಿದ್ದು, ಯಾವುದು ಇದ್ದ ಹಾಗೇ ಇರುವುದು ಅಂತ ಗೊತ್ತಾಗುತ್ತದೆ. ಆಮೇಲೆ 19ನೇ ಶತಮಾನದ ದುಬಾರಿ ನಾಣ್ಯಗಳಿಗೆ ಕೈ ಹಾಕಿದರೆ ದುಡ್ಡು ಉಳಿಯುತ್ತದೆ.

ಟೈಪ್ ಸೆಟ್‌ನ ಸುಖ ಇರುವುದೇ ಇಲ್ಲಿ: ಅಪರೂಪದ ಇಸವಿ ನಿಮಗೆ ಬೇಕಾಗಿಯೇ ಇಲ್ಲ. 1916ರಲ್ಲಿ ಡೆನ್ವರ್‌ನಲ್ಲಿ ಅಚ್ಚಾದ ಮರ್ಕ್ಯುರಿ ಡೈಮ್ 2,64,000 ಮಾತ್ರ, ಅದಕ್ಕಾಗಿ ಜನ ದೊಡ್ಡ ಮೊತ್ತ ಕೊಡುತ್ತಾರೆ. 1940ರ ದಶಕದ ಮರ್ಕ್ಯುರಿ ಡೈಮ್ ಬೆಳ್ಳಿಯ ಬೆಲೆಗಿಂತ ಸ್ವಲ್ಪ ಜಾಸ್ತಿಗೆ ಸಿಗುತ್ತದೆ. ಅಡಾಲ್ಫ್ ವೈನ್‌ಮನ್ ಮಾಡಿದ ಅದೇ ರೆಕ್ಕೆಯ ಟೋಪಿ, ಅದೇ ಮುಖ. ಎರಡನ್ನೂ ಪಕ್ಕದಲ್ಲಿಟ್ಟರೆ ಇಸವಿ ಮತ್ತು ಡೆನ್ವರ್ ಟಂಕಸಾಲೆಯ ಗುರುತಾದ ಪುಟ್ಟ ‘ಡಿ’ ಅಕ್ಷರ ಬಿಟ್ಟು ಬೇರೇನೂ ವ್ಯತ್ಯಾಸವಿಲ್ಲ. ಹಾಗಾಗಿ ಸಾಮಾನ್ಯ ಇಸವಿ ಹುಡುಕಿ, ಆ ದುಡ್ಡಿನಲ್ಲಿ ಸಿಗುವ ಅತಿ ಚೆಂದದ ನಾಣ್ಯ ಆರಿಸಿ.

ಆದರೆ ಯಾವ ಇಸವಿ ಅನ್ನುವುದರಲ್ಲಿ ಸ್ವಲ್ಪ ಬುದ್ಧಿ ಓಡಿಸಬೇಕು. ಸ್ಟ್ಯಾಂಡಿಂಗ್ ಲಿಬರ್ಟಿ ಕ್ವಾರ್ಟರ್ ತೆಗೆದುಕೊಳ್ಳಿ. 1924ರವರೆಗೆ ಇಸವಿಯ ಅಂಕಿಗಳು ಉಬ್ಬಿಕೊಂಡಿದ್ದವು, ಚಲಾವಣೆಯಲ್ಲಿ ಮೊದಲು ಸವೆಯುತ್ತಿದ್ದುದೇ ಅವು. 1925ರಲ್ಲಿ ಅದನ್ನು ಸ್ವಲ್ಪ ತಗ್ಗಿನಲ್ಲಿ ಕೂರಿಸಿದರು. ಆದ್ದರಿಂದ 1925ರಿಂದ 1930ರ ನಡುವಿನದನ್ನೇ ಕೇಳಿ. ಬಫಲೋ ನಿಕ್ಕಲ್‌ಗೂ ಇದೇ ರೋಗ, ಇಸವಿ ಇರುವುದು ಮುಂಬದಿಯ ಮೂಲನಿವಾಸಿಯ ಉಬ್ಬಿದ ಭುಜದ ಮೇಲೆ. ಇಸವಿ ಅಳಿಸಿಹೋದ ಬಫಲೋ ನಿಕ್ಕಲ್‌ಗಳು ಡಬ್ಬಿಗಟ್ಟಲೆ ಮಾರಾಟಕ್ಕಿರುತ್ತವೆ, ಅಗ್ಗ ಅಂತ ಕೊಳ್ಳಬೇಡಿ.

ಇನ್ನೊಂದು ಗುಟ್ಟು. ಹೊಸ ವಿನ್ಯಾಸ ಬಂದ ಮೊದಲ ವರ್ಷ ಜನ ಕುತೂಹಲಕ್ಕೆ ನಾಣ್ಯ ಎತ್ತಿಡುತ್ತಾರೆ. ಅದಕ್ಕೇ 1913ರ ಮೊದಲ ಬಗೆಯ ಬಫಲೋ ನಿಕ್ಕಲ್, ಅಂದರೆ ಕಾಡುಕೋಣ ದಿಬ್ಬದ ಮೇಲೆ ನಿಂತಿರುವುದು, ಒಂದೇ ವರ್ಷದ ವಿನ್ಯಾಸವಾದರೂ ಹೊಳಪಿನ ಸ್ಥಿತಿಯಲ್ಲಿ ಸುಲಭವಾಗಿ ಸಿಗುತ್ತದೆ. 1883ರ ಲಿಬರ್ಟಿ ನಿಕ್ಕಲ್ ಕೂಡ ಹಾಗೇ. ಅದರ ಹಿಂಬದಿಯಲ್ಲಿ ರೋಮನ್ ಐದರ ಅಂಕಿ ‘ವಿ’ ಮಾತ್ರ ಇತ್ತು, ‘ಸೆಂಟ್ಸ್’ ಅಂತ ಬರೆದಿರಲಿಲ್ಲ. ಕಿಲಾಡಿಗಳು ಅದಕ್ಕೆ ಚಿನ್ನದ ನೀರು ಕೊಟ್ಟು ಐದು ಡಾಲರ್ ಅಂತ ದಾಟಿಸತೊಡಗಿದರು. ಟಂಕಸಾಲೆ ಅದೇ ವರ್ಷ ‘ಸೆಂಟ್ಸ್’ ಸೇರಿಸಿತು. ಮೊದಲ ಬಗೆಯನ್ನು ಜನ ನೆನಪಿಗೆ ಅಂತ ಎತ್ತಿಟ್ಟಿದ್ದರಿಂದ ನಮಗೆ ಇವತ್ತು ಅನುಕೂಲ. ಇದಕ್ಕೆ ತದ್ವಿರುದ್ಧ 1921ರ ಪೀಸ್ ಡಾಲರ್. ಅದೂ ಮೊದಲ ವರ್ಷದ್ದೇ, ಆದರೆ ಅಚ್ಚಾದದ್ದು ಹತ್ತು ಲಕ್ಷಕ್ಕೆ ಸ್ವಲ್ಪ ಮೇಲೆ ಅಷ್ಟೇ. ಉಬ್ಬು ಜಾಸ್ತಿ ಇದ್ದು ಅಚ್ಚು ಸರಿ ಬೀಳುತ್ತಿರಲಿಲ್ಲ ಅಂತ 1922ರಲ್ಲಿ ತಗ್ಗಿಸಿದರು. ಆ ಎತ್ತರದ ಉಬ್ಬಿನದು ಬೇಕೇ ಬೇಕು ಅನ್ನಿಸಿದರೆ ಕೊನೆಗೆ ಕೊಳ್ಳಿ.

ಗ್ರೇಡ್ ವಿಷಯ. ನಾಣ್ಯ ಎಷ್ಟು ಸವೆದಿದೆ, ಯಾವ ಸ್ಥಿತಿಯಲ್ಲಿದೆ ಅಂತ ಹೇಳಲು ಅಮೆರಿಕದಲ್ಲಿ 1ರಿಂದ 70ರವರೆಗಿನ ಷೆಲ್ಡನ್ ಅಳತೆ ಬಳಸುತ್ತಾರೆ, 60ರಿಂದ ಮೇಲೆ ಚಲಾವಣೆಯನ್ನೇ ಕಾಣದ ನಾಣ್ಯ. ನನ್ನ ಮನಸ್ಸು ಯಾವಾಗಲೂ ವೆರಿ ಫೈನ್ 20ರಿಂದ ಎಕ್ಸ್‌ಟ್ರಾ ಫೈನ್ 45ರ ಒಳಗಿನ ನಾಣ್ಯಗಳ ಕಡೆಗೇ. ಗೆರೆಗಳೆಲ್ಲ ಕಾಣುತ್ತವೆ, ಬೂದು ಬಣ್ಣ ಸಹಜವಾಗಿ ಕೂತಿರುತ್ತದೆ, ಆ ನಾಣ್ಯ ಕೈಯಿಂದ ಕೈಗೆ ಓಡಾಡಿದೆ ಅನ್ನುವುದು ಗೊತ್ತಾಗುತ್ತದೆ. ನಿಮಗೆ ಹೊಳಪೇ ಇಷ್ಟ ಅಂದರೆ ಅದೂ ಸರಿ. ಆದರೆ ಒಂದು ಪುಟದಲ್ಲಿ ಒಂದು ನಾಣ್ಯ ಫಳಫಳ, ಪಕ್ಕದ್ದು ಮುಖವೇ ಕಾಣದಷ್ಟು ನುಣುಪು ಅಂತ ಆಗುವುದು ಬೇಡ. ಆಲ್ಬಂ ನೋಡಲು ಚೆಂದ ಕಾಣುವುದು ಎಲ್ಲವೂ ಹೆಚ್ಚುಕಮ್ಮಿ ಒಂದೇ ಹದದಲ್ಲಿದ್ದಾಗ.

ಇದರಲ್ಲಿ ತೊಂದರೆ ಕೊಡುವುದು ಬಾರ್ಬರ್ ನಾಣ್ಯಗಳು. ಚಾರ್ಲ್ಸ್ ಬಾರ್ಬರ್ ರೂಪಿಸಿದ ಡೈಮ್, ಕ್ವಾರ್ಟರ್, ಹಾಫ್ ಡಾಲರ್, ಮೂರೂ 1892ರಲ್ಲಿ ಬಂದವು. ಆಗ ಯಾರೂ ಇವನ್ನು ಇಷ್ಟಪಟ್ಟು ಎತ್ತಿಡಲಿಲ್ಲ, ಸುಮ್ನೆ ಖರ್ಚು ಮಾಡಿದರು. ಹಾಗಾಗಿ ಪೂರ್ತಿ ಸವೆದವು ಬೇಕಾದಷ್ಟು ಇವೆ, ನಡುವಿನ ಹದದ್ದು ಕಡಿಮೆ. ತಲೆಪಟ್ಟಿಯ ಮೇಲೆ ‘ಲಿಬರ್ಟಿ’ ಅನ್ನುವ ಏಳು ಅಕ್ಷರ ನೋಡಿ. ಏಳೂ ಕಾಣಿಸಿದರೆ ಫೈನ್ 12. ಮೂರ್ನಾಲ್ಕು ಅಕ್ಷರ ಮಾತ್ರ ಇದ್ದು ಮಾರುವವರು ಫೈನ್ ಅಂದರೆ ಒಪ್ಪಬೇಡಿ. ಬಾರ್ಬರ್ ಹಾಫ್ ಒಳ್ಳೆಯದು ಕಂಡರೆ ಆಗಲೇ ತೆಗೆದುಕೊಳ್ಳಿ, ಮಾರ್ಗನ್ ಡಾಲರ್ ಮುಂದಿನ ತಿಂಗಳೂ ಸಿಗುತ್ತದೆ. ಮಾರ್ಗನ್‌ಗಳು ಸಾವಿರದ ಚೀಲಗಳಲ್ಲಿ ದಶಕಗಟ್ಟಲೆ ಸರ್ಕಾರದ ಖಜಾನೆಯಲ್ಲೇ ಬಿದ್ದಿದ್ದವು, ಆದ್ದರಿಂದ ಚಲಾವಣೆ ಕಾಣದವೇ ರಾಶಿ ಇವೆ. ಅಚ್ಚು ಚೆನ್ನಾಗಿರುವುದು ಬೇಕಾದರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಅಚ್ಚಾದ 1880, 1881, 1882ರವು ನೋಡಿ.

ಆಲ್ಬಂ ಮಾಡಿದವರು ಕೊರೆದ ತೂತುಗಳನ್ನೆಲ್ಲ ನೀವು ತುಂಬಲೇಬೇಕು ಅಂತೇನಿಲ್ಲ ಅಲ್ವಾ? ನಿಮ್ಮ ಸೆಟ್, ನಿಮ್ಮ ಗೆರೆ. 1964ಕ್ಕೆ ನಿಲ್ಲಿಸುವವರಿದ್ದಾರೆ, ಯಾಕೆಂದರೆ ಡೈಮ್, ಕ್ವಾರ್ಟರ್‌ಗಳಲ್ಲಿ ಬೆಳ್ಳಿ ಇದ್ದದ್ದು ಅಲ್ಲಿಯವರೆಗೆ. ಆದರೆ ನನ್ನ ಮಾತು ಕೇಳುವುದಾದರೆ ಒಂದನ್ನು ಮಾತ್ರ ಬಿಡಬೇಡಿ: ಇಸವಿಯ ಎರಡೂ ಬದಿ ಬಾಣದ ತುದಿಗಳಿರುವ 1853ರ ಸೀಟೆಡ್ ಲಿಬರ್ಟಿ ಕ್ವಾರ್ಟರ್ ಅಥವಾ ಹಾಫ್. 1848ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿತು. ಚಿನ್ನ ಹೆಚ್ಚಾದ ಹಾಗೆ ಅದಕ್ಕೆ ಹೋಲಿಸಿದರೆ ಬೆಳ್ಳಿ ದುಬಾರಿಯಾಯಿತು. ಹಾಫ್ ಡಾಲರ್ ಒಳಗಿನ ಬೆಳ್ಳಿಯ ಬೆಲೆ ಅರ್ಧ ಡಾಲರಿಗಿಂತ ಜಾಸ್ತಿಯಾದಾಗ ಜನ ಅದನ್ನು ಕರಗಿಸಿದರು, ಹೊರದೇಶಕ್ಕೆ ಕಳಿಸಿದರು, ಅಂಗಡಿಯಲ್ಲಿ ಚಿಲ್ಲರೆಯೇ ಇಲ್ಲ ಅನ್ನುವ ಹಾಗಾಯಿತು. 1853ರಲ್ಲಿ ಸರ್ಕಾರ ಹಾಫ್ ಡಾಲರ್ ತೂಕವನ್ನು 13.36 ಗ್ರಾಂನಿಂದ 12.44ಕ್ಕೆ ಇಳಿಸಿತು. ಹೊಸ ಹಗುರ ನಾಣ್ಯ ಗುರುತು ಸಿಗಲಿ ಅಂತ ಬಾಣದ ತುದಿ ಇಟ್ಟರು, ಹಿಂಬದಿ ಹದ್ದಿನ ಸುತ್ತ ಕಿರಣಗಳನ್ನೂ ಹಾಕಿದರು. ಕಿರಣಗಳನ್ನು ಮರುವರ್ಷವೇ ತೆಗೆದರು. ಒಂದು ದೇಶದ ಹಣಕಾಸಿನ ಇಡೀ ಕಥೆ ಆ ಎರಡು ಪುಟ್ಟ ಬಾಣಗಳಲ್ಲಿದೆ, ಇಂಥದ್ದಕ್ಕಾಗಿಯೇ ನಾನು ಟೈಪ್ ಸೆಟ್ ಅಂದರೆ ಪ್ರಾಣ ಬಿಡುತ್ತೇನೆ.

ಪ್ರಶ್ನೆ (ಧಾರವಾಡ): ನಮ್ಮ ದೊಡ್ಡಪ್ಪ ಅಮೆರಿಕದಿಂದ ತಂದ 1922ರ ಬೆಳ್ಳಿ ಡಾಲರ್ ಒಂದು ಮನೆಯಲ್ಲಿದೆ. ‘ಟ್ರಸ್ಟ್’ ಪದದಲ್ಲಿ ‘ಯು’ ಬದಲು ‘ವಿ’ ಅಚ್ಚಾಗಿದೆ. ತಪ್ಪು ಮುದ್ರಣದ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಅಂತ ಮಗ ಹೇಳುತ್ತಾನೆ. ಹೌದೇ?

ಉತ್ತರ: ತಪ್ಪು ಮುದ್ರಣ ಅಲ್ಲ ರೀ. ಪ್ರತಿ ಪೀಸ್ ಡಾಲರ್‌ನಲ್ಲೂ ‘ವಿ’ ಹಾಗೇ ಇದೆ, ಹಳೆಯ ರೋಮನ್ ಕಲ್ಲುಬರಹದ ರೀತಿಯಲ್ಲಿ ಕೆತ್ತಿದ್ದು. 1922 ಪೀಸ್ ಡಾಲರ್‌ಗಳಲ್ಲೇ ಅತಿ ಸಾಮಾನ್ಯ ಇಸವಿ, ಫಿಲಡೆಲ್ಫಿಯಾದಲ್ಲೇ 5 ಕೋಟಿಗೂ ಮೀರಿ ಅಚ್ಚಾದವು. ಲಕ್ಷದ ಆಸೆ ಬೇಡ. ಆದರೆ ಬೇಸರವೂ ಬೇಡ, ಟೈಪ್ ಸೆಟ್ ಮಾಡುವವರು ಹುಡುಕುವುದು ಇದೇ ನಾಣ್ಯವನ್ನು. ತೂಕ 26.73 ಗ್ರಾಂ ಇರಬೇಕು, ಅದರಲ್ಲಿ ಶುದ್ಧ ಬೆಳ್ಳಿ 24 ಗ್ರಾಂ ಚಿಲ್ಲರೆ. ಅಕ್ಕಸಾಲಿಗರ ಹತ್ತಿರ ತೂಗಿಸಿ, ಆದರೆ ಕರಗಿಸಲು ಕೊಡಬೇಡಿ.

ನಿಮ್ಮ ನಾಣ್ಯ ಹುಟ್ಟಿದ್ದಕ್ಕೂ ನಮ್ಮ ದೇಶಕ್ಕೂ ಒಂದು ಸಂಬಂಧ ಇದೆ, ಅದನ್ನು ಮಗನಿಗೆ ಹೇಳಿ. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ಜನ ಸರ್ಕಾರದ ನೋಟು ನಂಬದೆ, ನೋಟು ಕೊಟ್ಟು ಬೆಳ್ಳಿ ರೂಪಾಯಿ ಕೇಳತೊಡಗಿದರು. ನೋಟಿಗೆ ಬದಲು ಬೆಳ್ಳಿ ಕೊಡುತ್ತೇವೆ ಅಂತ ಸರ್ಕಾರ ಮಾತು ಕೊಟ್ಟಿತ್ತು, ಕೊಡಲು ಬೆಳ್ಳಿ ಮುಗಿಯುತ್ತಾ ಬಂದಿತ್ತು. ಬ್ರಿಟಿಷರು ಅಮೆರಿಕವನ್ನು ಕೇಳಿದರು. 1918ರ ಏಪ್ರಿಲ್‌ನಲ್ಲಿ ನೆವಾಡಾದ ಸೆನೆಟರ್ ಕೀ ಪಿಟ್‌ಮನ್ ಹೆಸರಿನ ಕಾಯ್ದೆ ಬಂತು. ಖಜಾನೆಯಲ್ಲಿದ್ದ 27 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್‌ಗಳನ್ನು ಕರಗಿಸಿದರು. ಅದರಲ್ಲಿ ಸುಮಾರು 26 ಕೋಟಿ ಡಾಲರ್‌ಗಳ ಬೆಳ್ಳಿ ಬ್ರಿಟನ್‌ಗೆ, ಅಲ್ಲಿಂದ ಭಾರತದ ಲೆಕ್ಕಕ್ಕೆ. ಇಲ್ಲಿ ಅದು ಐದನೇ ಜಾರ್ಜ್ ಮುಖದ ರೂಪಾಯಿಯಾಯಿತು. ನಿಮ್ಮ ಮನೆಯ ಪೆಟ್ಟಿಗೆಯಲ್ಲಿ 1918ರ ಅಥವಾ 1919ರ ರೂಪಾಯಿ ಇದ್ದರೆ ಅದರ ಬೆಳ್ಳಿ ಒಂದು ಕಾಲದಲ್ಲಿ ಮಾರ್ಗನ್ ಡಾಲರ್ ಆಗಿದ್ದಿರಬಹುದು.

ಕರಗಿಸಿದಷ್ಟೇ ಡಾಲರ್ ಮತ್ತೆ ಅಚ್ಚು ಹಾಕಬೇಕು, ಅದಕ್ಕೆ ಅಮೆರಿಕದ ಗಣಿಗಳ ಬೆಳ್ಳಿಯನ್ನೇ ಔನ್ಸ್‌ಗೆ ಒಂದು ಡಾಲರ್‌ನಂತೆ ಕೊಳ್ಳಬೇಕು ಅಂತಲೂ ಅದೇ ಕಾಯ್ದೆಯಲ್ಲಿತ್ತು. 1904ಕ್ಕೆ ನಿಂತಿದ್ದ ಮಾರ್ಗನ್ ಡಾಲರ್ 1921ರಲ್ಲಿ ಮತ್ತೆ ಬಂದದ್ದು ಅದಕ್ಕೇ. ಆ ವರ್ಷದ ಕೊನೆಗೆ ಆಂಥೋನಿ ಡಿ ಫ್ರಾನ್ಸಿಸ್ಕಿ ರೂಪಿಸಿದ ಪೀಸ್ ಡಾಲರ್ ಬಂತು, ಮರುವರ್ಷ ನಿಮ್ಮ ದೊಡ್ಡಪ್ಪನ ನಾಣ್ಯ. ಆ ಡಾಲರ್ ಪಕ್ಕದಲ್ಲಿ ಒಂದು 1918ರ ರೂಪಾಯಿ ಇಟ್ಟುಕೊಳ್ಳಿ, ಎರಡೂ ಒಟ್ಟಿಗೇ ಇರಬೇಕಾದವು.

ಪ್ರಶ್ನೆ (ಕುಂದಾಪುರ): ಅಂಕಲ್, ನಾನು ಎಂಟನೇ ಕ್ಲಾಸ್. ನನ್ನ ಅತ್ತೆ ಟೆಕ್ಸಾಸ್‌ನಲ್ಲಿದ್ದಾರೆ. ಡಿಸೆಂಬರ್‌ನಲ್ಲಿ ಬರುವಾಗ ಏನು ತರಲಿ ಅಂತ ಕೇಳಿದ್ದಾರೆ. ಜಾಸ್ತಿ ದುಡ್ಡು ಆಗದ ಹಳೆಯ ನಾಣ್ಯ ಯಾವುದು ಹೇಳಲಿ?

ಉತ್ತರ: ಮೂರು ಹೆಸರು ಬರೆದುಕೋ ಪುಟ್ಟ. ಒಂದು, ಹಿಂಬದಿಯಲ್ಲಿ ಎರಡು ಗೋಧಿ ತೆನೆ ಇರುವ ಲಿಂಕನ್ ಸೆಂಟ್. 1909ರಿಂದ 1958ರವರೆಗೆ ಬಂದದ್ದು. ಎರಡು, 1943ರ ಉಕ್ಕಿನ ಸೆಂಟ್. ಯುದ್ಧಕ್ಕೆ ತಾಮ್ರ ಬೇಕಾಗಿತ್ತು ಅಂತ ಆ ಒಂದು ವರ್ಷ ಉಕ್ಕಿಗೆ ಸತುವಿನ ಲೇಪ ಕೊಟ್ಟು ಅಚ್ಚು ಹಾಕಿದರು. ಅಯಸ್ಕಾಂತಕ್ಕೆ ಅಂಟಿಕೊಳ್ಳುತ್ತದೆ, ಮಾಡಿ ನೋಡು. ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ ಆಮೇಲೆ ಮತ್ತೆ ಲೇಪ ಕೊಟ್ಟದ್ದಿರಬಹುದು, ಸ್ವಲ್ಪ ಮಂಕಾಗಿರುವುದೇ ಒಳ್ಳೆಯದು. ಮೂರು, 1942ರಿಂದ 1945ರ ಯುದ್ಧಕಾಲದ ಜೆಫರ್ಸನ್ ನಿಕ್ಕಲ್. ಅದರಲ್ಲಿ ನೂರಕ್ಕೆ 35 ಭಾಗ ಬೆಳ್ಳಿ ಇದೆ. ಹಿಂಬದಿ ಕಟ್ಟಡದ ಗುಮ್ಮಟದ ಮೇಲೆ ದೊಡ್ಡದಾಗಿ ‘ಪಿ’, ‘ಡಿ’ ಅಥವಾ ‘ಎಸ್’ ಇರುತ್ತದೆ, ಅದಿದ್ದರೆ ಮಾತ್ರ ಬೆಳ್ಳಿಯದು.

ಅತ್ತೆಗೆ ಇನ್ನೊಂದು ಹೇಳು. ಅಲ್ಲಿನ ಬ್ಯಾಂಕಿನಲ್ಲಿ ಎರಡು ಡಾಲರ್ ಕೊಟ್ಟರೆ ನಲವತ್ತು ನಿಕ್ಕಲ್‌ಗಳ ಒಂದು ಸುರುಳಿ ಕೊಡುತ್ತಾರೆ. ಬಿಚ್ಚಿ ನೋಡಿ, ಬೇಡದ್ದನ್ನು ಖರ್ಚು ಮಾಡಿದರಾಯಿತು. ಈಗಲೂ ಹಳೆಯವು ಸಿಗುವುದುಂಟು.

ನಿಮ್ಮ ಕಡೆ ಮಳೆ, ಉಪ್ಪುಗಾಳಿ ಎರಡೂ ಜೋರು. ಉಕ್ಕಿನ ಸೆಂಟ್‌ಗೆ ಅಂಚಿನಲ್ಲಿ ಸತುವಿನ ಲೇಪ ಇಲ್ಲ, ಹಾಳೆಗೆ ಲೇಪ ಹಾಕಿದ ಮೇಲೆ ಬಿಲ್ಲೆ ಕತ್ತರಿಸಿದ್ದು. ತುಕ್ಕು ಅಲ್ಲಿಂದಲೇ ಶುರುವಾಗುತ್ತದೆ. ಗಾಳಿ ಹೋಗದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪುಡಿಕೆ ಹಾಕಿ ಇಡು. ನಾಣ್ಯವನ್ನು ಯಾವಾಗಲೂ ಅಂಚು ಹಿಡಿದೇ ಎತ್ತು.

ಪ್ರಶ್ನೆ (ಮೈಸೂರು): ಮಗಳು ಕಳಿಸಿದ ಇಂಡಿಯನ್ ಹೆಡ್ ಸೆಂಟ್ ಮತ್ತು ಲಾರ್ಜ್ ಸೆಂಟ್ ಕಪ್ಪಾಗಿವೆ. ಹುಣಸೆಹಣ್ಣು ಹಾಕಿ ಉಜ್ಜಿದರೆ ದೇವರ ಪಾತ್ರೆಯ ಹಾಗೆ ಬೆಳಗುತ್ತವೆ, ಉಜ್ಜಬಹುದೇ?

ಉತ್ತರ: ಅಮ್ಮಾ, ದಯವಿಟ್ಟು ಬೇಡ. ಹುಣಸೆ, ನಿಂಬೆ, ಪಾತ್ರೆ ಪುಡಿ, ಅಡುಗೆ ಸೋಡಾ, ಯಾವುದೂ ಬೇಡ. ಹುಳಿ ತಾಮ್ರದ ಮೇಲ್ಪದರವನ್ನೇ ತಿನ್ನುತ್ತದೆ. ಆ ಕಂದು ಬಣ್ಣ ಕೂರಲು ನೂರೈವತ್ತು ವರ್ಷ ಬೇಕಾಯಿತು, ಹೋದರೆ ವಾಪಸ್ ಬರುವುದಿಲ್ಲ. ಉಜ್ಜಿದ ನಾಣ್ಯವನ್ನು ಗ್ರೇಡ್ ಮಾಡುವ ಕಂಪನಿಗಳು ‘ಕ್ಲೀನ್ಡ್’ ಅಂತ ಬರೆದು ಅಂಕಿಯನ್ನೇ ಕೊಡದೆ ವಾಪಸ್ ಕಳಿಸುತ್ತವೆ. ಬೆಲೆಯೂ ಅರ್ಧಕ್ಕಿಂತ ಕೆಳಗೆ ಇಳಿಯಬಹುದು. ಕಪ್ಪಾಗಿರುವುದು ಕೊಳೆಯಲ್ಲ, ಅದೇ ಅದರ ಚೆಂದ. ಹಾಗೇ, ಮೆತ್ತನೆಯ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟಿದ್ದರೆ ಇವತ್ತೇ ತೆಗೆಯಿರಿ, ವರ್ಷ ಕಳೆದಂತೆ ಹಸಿರು ಜಿಡ್ಡು ಬಿಡುತ್ತದೆ.

ಅಂದ ಹಾಗೆ ಮಗಳಿಗೆ ಫ್ಲೈಯಿಂಗ್ ಈಗಲ್ ಸೆಂಟ್ ಒಂದು ಹುಡುಕಲು ಹೇಳಿ. ದೊಡ್ಡ ತಾಮ್ರದ ಸೆಂಟ್ 1857ರಲ್ಲಿ ನಿಂತಿತು, ಜಾಗಕ್ಕೆ ಈ ಪುಟ್ಟ ಹದ್ದಿನ ಸೆಂಟ್ ಬಂತು. ಎರಡೇ ವರ್ಷ ಇದ್ದು 1859ರಲ್ಲಿ ಇಂಡಿಯನ್ ಹೆಡ್‌ಗೆ ದಾರಿ ಬಿಟ್ಟಿತು. ನಿಮ್ಮ ಹತ್ತಿರ ಇರುವ ಎರಡರ ನಡುವಿನ ಕೊಂಡಿ ಅದು.

ಪ್ರಶ್ನೆ (ಬೆಂಗಳೂರು): ಭಾನುವಾರದ ಸಂತೆಯಲ್ಲಿ 1877ರ ಅಮೆರಿಕನ್ ಟ್ರೇಡ್ ಡಾಲರ್ ಒಬ್ಬರು ಎಂಟುನೂರು ರೂಪಾಯಿಗೆ ಕೊಡುತ್ತೇನೆ ಅಂದರು. ಮೇಲೆ ಚೀನಿ ಮುದ್ರೆಗಳೂ ಇವೆ. ತೆಗೆದುಕೊಳ್ಳಲಾ?

ಉತ್ತರ: ಬೇಡ. ಆ ನಾಣ್ಯದ ಮೇಲೆಯೇ ‘420 ಗ್ರೇನ್ಸ್, 900 ಫೈನ್’ ಅಂತ ಬರೆದಿರುತ್ತದೆ, ಅಂದರೆ 27.22 ಗ್ರಾಂ ತೂಕ, ನೂರಕ್ಕೆ 90 ಬೆಳ್ಳಿ. ಎಂಟುನೂರು ರೂಪಾಯಿಗೆ ಅಷ್ಟು ಬೆಳ್ಳಿಯೇ ಬರುವುದಿಲ್ಲ, ಇನ್ನು ನಾಣ್ಯ ಎಲ್ಲಿಂದ ಬರಬೇಕು? ಚೀನಾದ ವ್ಯಾಪಾರಕ್ಕೆ ಅಂತಲೇ 1873ರಲ್ಲಿ ಶುರುವಾದ ಡಾಲರ್ ಇದು, ಅಲ್ಲಿನ ವ್ಯಾಪಾರಿಗಳು ಪರೀಕ್ಷೆ ಮಾಡಿ ತಮ್ಮ ಮುದ್ರೆ ಒತ್ತುತ್ತಿದ್ದದ್ದು ನಿಜ. ಈಗ ನಕಲಿ ಮಾಡುವವರು ಆ ಮುದ್ರೆಗಳನ್ನೂ ಸೇರಿಸಿಯೇ ಅಚ್ಚು ಹಾಕುತ್ತಾರೆ. ಅಮೆರಿಕದಲ್ಲಿ 1973ರ ಕಾಯ್ದೆಯ ಪ್ರಕಾರ ನಕಲು ನಾಣ್ಯದ ಮೇಲೆ ‘ಕಾಪಿ’ ಅಂತ ಇರಬೇಕು, ಸಂತೆಗೆ ಬರುವ ಮಾಲಿನಲ್ಲಿ ಅದೆಲ್ಲ ಇರುವುದಿಲ್ಲ.

ಜೇಬಿನಲ್ಲಿ ಒಂದು ಸಣ್ಣ ಡಿಜಿಟಲ್ ತಕ್ಕಡಿ ಮತ್ತು ಅಯಸ್ಕಾಂತ ಇಟ್ಟುಕೊಳ್ಳಿ. ತೂಕ ತಪ್ಪಿದರೆ ಅಲ್ಲಿಗೆ ಮಾತು ಮುಗಿಯಿತು. ತೂಕ ಸರಿಯಿದ್ದ ಮಾತ್ರಕ್ಕೆ ಅಸಲಿ ಅಂತಲೂ ಅಲ್ಲ. ಟ್ರೇಡ್ ಡಾಲರ್ ಮಟ್ಟಿಗೆ, ನಾಣ್ಯ ಪರೀಕ್ಷಿಸಿ ಗ್ರೇಡ್ ಕೊಡುವ ಪಿಸಿಜಿಎಸ್ ಅಥವಾ ಎನ್‌ಜಿಸಿ ಕಂಪನಿಯ ಸ್ಲ್ಯಾಬ್‌ನಲ್ಲಿ, ಅಂದರೆ ಮುಚ್ಚಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಇರುವುದನ್ನೇ ಕೊಳ್ಳಿ, ಅದರ ಮೇಲಿನ ನಂಬರನ್ನು ಆ ಕಂಪನಿಯ ತಾಣದಲ್ಲಿ ಹಾಕಿ ಫೋಟೊ ಇದ್ದರೆ ತಾಳೆ ನೋಡಿ. ಸ್ಲ್ಯಾಬ್‌ಗಳದ್ದೂ ನಕಲು ಬಂದಿವೆ.

ಪ್ರಶ್ನೆ (ಸ್ಯಾನ್ ಹೋಸೆ, ಕ್ಯಾಲಿಫೋರ್ನಿಯಾ): 1793ರ ಚೈನ್ ಸೆಂಟ್, 1796ರ ಕ್ವಾರ್ಟರ್ ಇವೆಲ್ಲ ಇಲ್ಲದೆ ಟೈಪ್ ಸೆಟ್ ಪೂರ್ತಿ ಆಯಿತು ಅನ್ನಬಹುದಾ? ಚಿನ್ನದ ನಾಣ್ಯ ಸೇರಿಸಬೇಕಾ?

ಉತ್ತರ: ಧಾರಾಳವಾಗಿ ಅನ್ನಬಹುದು. 1796ರ ಕ್ವಾರ್ಟರ್ ಅಚ್ಚಾದದ್ದೇ ಆರು ಸಾವಿರ ಚಿಲ್ಲರೆ. ಅದಕ್ಕೆ ಕೊಡುವ ದುಡ್ಡಿನಲ್ಲಿ ಉಳಿದ ಸೆಟ್ ಪೂರ್ತಿ ಆಗಿ ಇನ್ನೂ ಮಿಗುತ್ತದೆ. ಹಳೆಯ ಕಾಲದ ಬೆಳ್ಳಿ ಒಂದಾದರೂ ಬೇಕು ಅಂದರೆ 1807ರಿಂದ 1836ರ ಕ್ಯಾಪ್ಡ್ ಬಸ್ಟ್ ಹಾಫ್ ಡಾಲರ್ ಕೊಳ್ಳಿ. ಜಾನ್ ರೈಕ್ ಮಾಡಿದ ವಿನ್ಯಾಸ. ಬ್ಯಾಂಕುಗಳು ಇದನ್ನು ಚೀಲ ಕಟ್ಟಿ ಮೀಸಲಾಗಿ ಇಟ್ಟುಕೊಂಡಿದ್ದರಿಂದ ಒಳ್ಳೆಯ ಸ್ಥಿತಿಯಲ್ಲಿ ಬೇಕಾದಷ್ಟು ಉಳಿದಿವೆ. ಅಂಚಿನ ಮೇಲೆ ‘ಫಿಫ್ಟಿ ಸೆಂಟ್ಸ್ ಆರ್ ಹಾಫ್ ಎ ಡಾಲರ್’ ಅಂತ ಬರೆದಿದೆ, ಆದ್ದರಿಂದ ಇದನ್ನು ಮಾತ್ರ ಅಂಚು ಕಾಣುವ ಹಾಗೆ ಇಡಿ. ಇಪ್ಪತ್ತು ಸೆಂಟ್ ನಾಣ್ಯವೂ ಕಷ್ಟ ಅಂತ ಭಯ ಬೇಡ. ಜನ ಅದನ್ನು ಕ್ವಾರ್ಟರ್ ಅಂತ ಗೊಂದಲ ಮಾಡಿಕೊಂಡಿದ್ದರಿಂದ ಬೇಗ ನಿಂತುಹೋಯಿತು, ಆದರೆ ಸ್ಯಾನ್ ಫ್ರಾನ್ಸಿಸ್ಕೋದ 1875ರದ್ದು ಹನ್ನೊಂದು ಲಕ್ಷ ದಾಟಿದೆ. ನಿಮ್ಮ ಊರಿನ ಹತ್ತಿರವೇ ಅಚ್ಚಾದದ್ದು, ಅದನ್ನೇ ತೆಗೆದುಕೊಳ್ಳಿ.

ಚಿನ್ನ ನಿಮ್ಮ ಕೈಗೆ ಬಿಟ್ಟದ್ದು. ಒಂದೇ ಒಂದು ಅಂದರೆ ನಾನು ಎರಡೂವರೆ ಡಾಲರ್ ಇಂಡಿಯನ್ ಹೆಡ್ ಹೇಳುತ್ತೇನೆ, 1908ರಿಂದ 1929ರವರೆಗಿನದು. ಬೆಲಾ ಲಯನ್ ಪ್ರಾಟ್ ಇದರಲ್ಲಿ ಚಿತ್ರವನ್ನು ಉಬ್ಬಿಸದೆ ಒಳಕ್ಕೆ ಕೆತ್ತಿದರು, ಅಮೆರಿಕದ ಚಲಾವಣೆ ನಾಣ್ಯಗಳಲ್ಲಿ ಇದು ಮತ್ತು ಇದರ ಜೊತೆಯ ಐದು ಡಾಲರ್ ಮಾತ್ರ ಹೀಗಿವೆ. ತೂಕ 4.18 ಗ್ರಾಂ. ನಕಲಿ ಜಾಸ್ತಿ, ಸ್ಲ್ಯಾಬ್ ಇಲ್ಲದೆ ಮುಟ್ಟಬೇಡಿ. 1911ರ ಡೆನ್ವರ್ ನಾಣ್ಯ ಬಿಟ್ಟು 1925ರಿಂದ 1929ರ ಯಾವುದಾದರೂ ಕೇಳಿ, ಬೆಲೆ ಹಿಡಿತದಲ್ಲಿರುತ್ತದೆ.